ಶಾಸನಸಭೆಯ ದಿನಚರಿ ಮತ್ತು ಅಲ್ಪಸಂಖ್ಯಾತರ ಭಾಷೆ

ಚುನಾವಣೆಯಲ್ಲಿ ಗೆದ್ದ ಮಾತ್ರಕ್ಕೆ ಪ್ರತಿನಿಧಿಯ ದನಿ ಶಾಸನಸಭೆಯಲ್ಲಿ ಕೇಳಿಸಿತೆಂದು ಹೇಳಲಾಗದು. ಸಭೆಯ ಒಂದೊಂದು ದಿನದ ಕಲಾಪದಲ್ಲಿ ಆ ದನಿಗೆ ಎಷ್ಟು ಎಡೆಯುಂಟು, ಯಾವ ಭಾಷೆಯಲ್ಲಿ ಉಂಟು ಎಂಬುದನ್ನು ವಿಚಾರಿಸಬೇಕು. ಕರ್ನಾಟಕದ ಹೊರಗಿನ ಕನ್ನಡಿಗರಿಗೆ ಈ ವಿಚಾರದಲ್ಲಿ ಕೇರಳದ ವಿಧಾನಸಭೆಯು ಒಳ್ಳೆಯ ನಿದರ್ಶನವಾಗಿದೆ.

ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲ್ಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1957ರ ಪ್ರಥಮ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾಯರು ಅವಿರೋಧವಾಗಿ ಆಯ್ಕೆಯಾದರು. 1960ರಲ್ಲಿ ಕಳ್ಳಿಗೆ ಮಹಾಬಲ ಭಂಡಾರಿಯವರು ಅಲ್ಲಿಂದ ಗೆದ್ದರು. ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶವು ಮೈಸೂರಿಗೆ ಸೇರತಕ್ಕದ್ದೆಂದು ಮಹಾಜನ ಆಯೋಗವು 1967ರಲ್ಲಿ ಶಿಫಾರಸು ಮಾಡಿತಾದರೂ ಅದು ಜಾರಿಗೆ ಬರಲಿಲ್ಲ. ಆದುದರಿಂದ ಅಲ್ಲಿನ ಕನ್ನಡಿಗರ ಅಹವಾಲಿಗೆ ತಿರುವನಂತಪುರದ ಸಭೆಯೇ ವೇದಿಕೆಯಾಗಿ ಉಳಿದಿದೆ.

ಸಭೆಯ ಭಾಷೆಯನ್ನು ನಿರ್ಣಯಿಸುವುದು ಸಂವಿಧಾನದ 210ನೆಯ ಅನುಚ್ಛೇದ. ಕಲಾಪವು ರಾಜ್ಯದ ಅಧಿಕೃತ ಭಾಷೆಯಲ್ಲಿ, ಇಲ್ಲವೆ ಹಿಂದಿ ಅಥವಾ ಇಂಗ್ಲಿಷಿನಲ್ಲಿ ನಡೆಯತಕ್ಕದ್ದು. ಇವುಗಳಲ್ಲಿ ಯಾವುದರಲ್ಲಿಯೂ ತನ್ನ ಅಭಿಪ್ರಾಯವನ್ನು ಸಮರ್ಪಕವಾಗಿ ವ್ಯಕ್ತಪಡಿಸಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು. ಗಮನಿಸತಕ್ಕ ಅಂಶವೆಂದರೆ, ಇದು ಅನುಮತಿಯೇ ಹೊರತು ಹಕ್ಕಲ್ಲ. ಮಲೆಯಾಳವನ್ನು ಚೆನ್ನಾಗಿ ಬಲ್ಲ ಕನ್ನಡಿಗ ಸದಸ್ಯನಿಗೆ ಈ ಅನುಕೂಲ ದೊರೆಯಲೇಬೇಕೆಂದಿಲ್ಲ. ಇನ್ನು, ಅನುಮತಿ ದೊರೆತರೂ ಕೇಳುವವರಿಗೆ ಭಾಷೆ ತಿಳಿಯದಿದ್ದಲ್ಲಿ ಮಾತು ಗಾಳಿಗೆ ಹೋಗುವುದು.

ದಿನದ ಕಲಾಪವು ಪ್ರಶ್ನೋತ್ತರದಿಂದ ಆರಂಭವಾಗುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಬಾಯಿಮಾತಿನ ಉತ್ತರ ಕೊಡುತ್ತಾರೆ. ಉಳಿದವುಗಳಿಗೆ ಉತ್ತರ ಲಿಖಿತ ರೂಪದಲ್ಲಿ ಬರುತ್ತದೆ. ಮೂಲಪ್ರಶ್ನೆಯನ್ನು ಮುಂಚಿತವಾಗಿ ಬರೆದು ಕೊಡಬಹುದಾದ್ದರಿಂದ ಅದರ ಅನುವಾದ ಸುಲಭ. ಆದರೆ ಆಡಳಿತದ ಲೋಪ ಬಯಲಾಗುವುದು ಕ್ಷಣಾರ್ಧದಲ್ಲಿ ಕೇಳಬೇಕಾದ ಉಪಪ್ರಶ್ನೆಯಿಂದ. ಭಾಷಾಂತರಕಾರನಿಲ್ಲದ ಸಭೆಯಲ್ಲಿ ಅಲ್ಪಸಂಖ್ಯಾತ ಭಾಷೆ ಸೋಲುವುದು ಇಲ್ಲಿಯೇ.

ಅನಂತರ ತುರ್ತು ವಿಷಯಗಳ ನಿಲುವಳಿ ಸೂಚನೆ, ಗಮನ ಸೆಳೆಯುವ ಸೂಚನೆಗಳು ಬರುತ್ತವೆ. ತರುವಾಯ ಮಸೂದೆ, ಆಯವ್ಯಯದ ಬೇಡಿಕೆಗಳ ಸರದಿ. ಕೇರಳದಲ್ಲಿ 1980ರಿಂದ ವಿಷಯವಾರು ಸಮಿತಿಗಳಿದ್ದು, ಮಸೂದೆಗಳ ಸೂಕ್ಷ್ಮ ಪರಿಶೀಲನೆ ಅಲ್ಲಿ ನಡೆಯುತ್ತದೆ. ಶಾಲೆಯ ಭಾಷೆ, ಕಚೇರಿಯ ನಮೂನೆ, ನೇಮಕದ ಅರ್ಹತೆ ಇವೆಲ್ಲ ಮಸೂದೆಯ ಒಂದು ಉಪಖಂಡದಲ್ಲಿ ನಿರ್ಣಯವಾಗಿಬಿಡಬಹುದು.

ಭಾಷಾಂತರವು ಬರಿಯ ಸೌಜನ್ಯದ ಮಾತಲ್ಲವೆಂಬುದಕ್ಕೆ 2021ರ ಮೇ 24ರ ಪ್ರಮಾಣವಚನವೇ ಸಾಕ್ಷಿ. ಅಂದು ಮಂಜೇಶ್ವರದ ಎ.ಕೆ.ಎಂ. ಅಶ್ರಫ್ ಕನ್ನಡದಲ್ಲಿಯೂ ದೇವಿಕುಳಂನ ಎ. ರಾಜಾ ತಮಿಳಿನಲ್ಲಿಯೂ ಪ್ರಮಾಣ ಸ್ವೀಕರಿಸಿದರು. ತಮಿಳು ಪಾಠದಲ್ಲಿ ‘ದೇವರ ಹೆಸರಿನಲ್ಲಿ’ ಎಂಬುದಾಗಲಿ ಅದಕ್ಕೆ ಬದಲಾದ ದೃಢಪ್ರತಿಜ್ಞೆಯ ಮಾತಾಗಲಿ ಇರಲಿಲ್ಲ. ರಾಜಾ ಅವರು ಮತ್ತೊಮ್ಮೆ ಪ್ರಮಾಣ ಸ್ವೀಕರಿಸಬೇಕಾಯಿತು. ಪ್ರಮಾಣ ಮಾಡದೆ ಸಭೆಯಲ್ಲಿ ಕುಳಿತವನಿಗೆ ದಿನವೊಂದಕ್ಕೆ 500 ರೂಪಾಯಿ ದಂಡವನ್ನು 193ನೆಯ ಅನುಚ್ಛೇದವು ವಿಧಿಸುತ್ತದೆ. ಅನುವಾದದಲ್ಲಿ ಒಂದು ಪದ ಬಿಟ್ಟುಹೋದರೆ ಸದಸ್ಯನ ಸ್ಥಾನಮಾನವೇ ಚರ್ಚೆಗೆ ಈಡಾಗುವುದೆಂದಾಯಿತು.

ಪ್ರಮಾಣವಚನದ ಕನ್ನಡ ಅಭಿಮಾನದ ವಿಷಯ, ನಿಜ. ಆದರೆ ಅದು ಒಂದು ದಿನದ ಕನ್ನಡ. ಪ್ರಶ್ನೆ, ಮಸೂದೆ, ಉತ್ತರಗಳ ಸಮರ್ಥ ಭಾಷಾಂತರ ಪ್ರತಿದಿನವೂ ದೊರೆತಾಗಲೇ ಪ್ರಾತಿನಿಧ್ಯ ಪೂರ್ಣವಾಗುವುದು. ಇದೇ ಅನುಚ್ಛೇದ ಬೆಂಗಳೂರಿನ ಸಭೆಗೂ ಅನ್ವಯಿಸುತ್ತದೆ. ಅಲ್ಲಿ ಮರಾಠಿ, ಉರ್ದು ಮಾತೃಭಾಷೆಯ ಸದಸ್ಯರೂ ಆಯ್ಕೆಯಾಗಿ ಬಂದಿದ್ದಾರೆ. ಕಾಸರಗೋಡಿನ ಕನ್ನಡಕ್ಕಾಗಿ ಬೇಡುವ ನ್ಯಾಯವನ್ನು ಕನ್ನಡನಾಡು ತನ್ನಲ್ಲಿಯ ಅಲ್ಪಸಂಖ್ಯಾತರಿಗೂ ಸಲ್ಲಿಸಿದರೆ ಆ ಬೇಡಿಕೆಗೆ ಬಲ ಹೆಚ್ಚುವುದು.