ಶಾಸಕರ ಹತ್ತಿರ ಊರಿನ ಮಾತು ಮುಟ್ಟಿಸುವ ಬಗೆ



ನಟ್ಟಿ ಕೆಲಸದ ಗಡಿಬಿಡಿಯಲ್ಲಿ ಈ ಚುನಾವಣೆ, ಶಾಸಕರು ಇವೆಲ್ಲದರ ಮಾತೇಕೆ ಎಂದೀರಿ. ಕಾರಣ ಉಂಟು, ಕೇಳಿ. 2022ರ ಆಗಸ್ಟ್ ತಿಂಗಳಲ್ಲಿ ನಮ್ಮ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ, ಶಾಲೆ ಬಿಟ್ಟು ಮನೆಗೆ ಬರುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ, ತುಂಬಿ ಹರಿಯುವ ಹಳ್ಳದಲ್ಲಿ ಕೊಚ್ಚಿಹೋಗಿ ತೀರಿಕೊಂಡಳು. ಆ ಸುದ್ದಿ ಕೇಳಿದ ದಿನ ಯಾರ ಮನೆಯಲ್ಲಿಯೂ ಊಟ ಸೇರಲಿಲ್ಲ.

ಮರದ ದಿಮ್ಮಿ ಹಾಸಿದ ಇಂಥ ಸಂಕಗಳು ನಮ್ಮ ಸೀಮೆಯಲ್ಲಿ ಹಲವು ಕಡೆ ಇವೆ. ಯಾವ ಸಂಕ ಯಾವ ಮಳೆಗೆ ಅಪಾಯ ಎಂಬುದು ಆ ಕೇರಿಯವರಿಗೆ ಗೊತ್ತಿರುತ್ತದೆ. ಆದರೆ ಆ ಮಾತು ಸಂಕ ಕಟ್ಟಿಸಬಲ್ಲವರಿಗೆ ಸಕಾಲದಲ್ಲಿ, ಕಾಗದದ ಮೇಲೆ ಮುಟ್ಟಿದೆಯೆ? ಇಂದಿನ ಮಾತು ಇದೇ.

“ಓಟಿಗೆ ಬಪ್ಪತ್ತಿಗೆ ಕೈ ಮುಗಿತ್ರ್, ಮತ್ತೆ ಕಾಂಬುಕೇ ಸಿಕ್ಕುದಿಲ್ಲ ಮಾರ್ರೆ” ಎಂದು ನಾವು ಅಂಗಡಿ ಜಗಲಿಯಲ್ಲಿ ಆಡಿಕೊಳ್ಳುತ್ತೇವೆ. ಇದರಲ್ಲಿ ನಿಜವೂ ಇರಬಹುದು. ಆದರೆ ಓಟು ಹಾಕಿದ ಮೇಲೆ ನಾವಾದರೂ ಎಷ್ಟು ಸಲ ಹೋಗಿ ಕಂಡೆವು? ಕಂಡಾಗ ಏನು ಕೇಳಿದೆವು? ಮದುವೆ ಕಾಗದ ಕೊಡಲು ಹೋದೆವು, ಮಗನ ಕೆಲಸಕ್ಕೆ ಚೀಟಿ ಕೇಳಲು ಹೋದೆವು. ಊರಿನ ಕೆಲಸಕ್ಕೆಂದು ಹೋದದ್ದು ಕಡಿಮೆ. ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು ಎಂಬ ಗಾದೆ ನಿಮಗೆ ಗೊತ್ತೇ ಇದೆ.

1952ರ ಮೊದಲ ಮಹಾಚುನಾವಣೆಯಲ್ಲಿ ನಮ್ಮ ಹಿರಿಯರು ಓಟು ಹಾಕಿದ್ದು ದೂರದ ಮದ್ರಾಸಿನ ವಿಧಾನಸಭೆಗೆ. 1956ರ ನವೆಂಬರ್ 1ರ ಮೇಲೆ ನಮ್ಮ ಸೀಮೆ ಕನ್ನಡ ನಾಡಿಗೆ ಸೇರಿ ಬೆಂಗಳೂರು ರಾಜಧಾನಿಯಾಯಿತು. 1997ರಲ್ಲಿ ಉಡುಪಿ ಜಿಲ್ಲೆಯಾಯಿತು, 2018ರಲ್ಲಿ ಬೈಂದೂರೇ ತಾಲೂಕಾಯಿತು. ಕಚೇರಿ ಹತ್ತಿರ ಬಂದಿದೆ. ಇನ್ನು ನಾವು ಹತ್ತಿರ ಹೋಗಬೇಕು.

ಮೊದಲು ಯಾವ ಕೆಲಸ ಯಾರದ್ದು ಎಂಬುದನ್ನು ತಿಳಿದುಕೊಳ್ಳಿ. ಕೇರಿಯ ದೀಪ, ಚರಂಡಿ, ಕುಡಿಯುವ ನೀರು, ಇವಕ್ಕೆ ಪಂಚಾಯತಿಯ ಸದಸ್ಯರು. ಕಿಂಡಿ ಅಣೆಕಟ್ಟು, ಉಪ್ಪುನೀರು ತಡೆಯುವ ದಂಡೆ, ದೊಡ್ಡ ರಸ್ತೆ, ಸೇತುವೆ, ಇವು ರಾಜ್ಯ ಸರಕಾರದ ಇಲಾಖೆಗಳ ಕೆಲಸ, ಇವಕ್ಕೆ ಶಾಸಕರು. ರಾಷ್ಟ್ರೀಯ ಹೆದ್ದಾರಿ 66, ರೈಲು, ಇವು ಕೇಂದ್ರ ಸರಕಾರದವು. ಇವಕ್ಕೆ ಲೋಕಸಭಾ ಸದಸ್ಯರು.

ಇಲ್ಲಿ ನಮ್ಮವರು ಎಡವುವ ಸ್ಥಳ ಒಂದುಂಟು. ಬೈಂದೂರು ಇರುವುದು ಉಡುಪಿ ಜಿಲ್ಲೆಯಲ್ಲಿ. ಆದರೆ 2009ರ ಚುನಾವಣೆಯಿಂದ ಬೈಂದೂರು ವಿಧಾನಸಭಾ ಕ್ಷೇತ್ರ ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ನೆರೆಯ ಕುಂದಾಪುರ ಕ್ಷೇತ್ರ ಸೇರಿರುವುದು ಉಡುಪಿ-ಚಿಕ್ಕಮಗಳೂರಿಗೆ. ಅದೂ ಅಲ್ಲದೆ ಕುಂದಾಪುರ ತಾಲೂಕಿನ ಕೆಲವು ಗ್ರಾಮಗಳು ಬೈಂದೂರು ಶಾಸಕರ ಕ್ಷೇತ್ರದಲ್ಲಿವೆ. ಆದ್ದರಿಂದ ಅರ್ಜಿ ಬರೆಯುವ ಮೊದಲು ನಿಮ್ಮ ಗ್ರಾಮ ಯಾರ ಕ್ಷೇತ್ರದ್ದೆಂದು ಪಂಚಾಯತಿಯಲ್ಲಿ ವಿಚಾರಿಸಿ. ಅಡ್ರೆಸ್ಸು ತಪ್ಪಿದ ಅರ್ಜಿ, ಮಡೆ ತಪ್ಪಿದ ನೀರಿನಂತೆ ಬೇರೆ ಗದ್ದೆಗೆ ಹೋಗುತ್ತದೆ.

ಶಾಸಕರ ಕೈಯಲ್ಲಿ ಏನುಂಟು? ಕಾನೂನು ಮಾಡುವುದು, ಮುಂಗಡ ಪತ್ರಕ್ಕೆ ಒಪ್ಪಿಗೆ ಕೊಡುವುದು, ಸಭೆಯಲ್ಲಿ ಮಂತ್ರಿಗಳನ್ನು ಪ್ರಶ್ನೆ ಕೇಳುವುದು ಅವರ ಮುಖ್ಯ ಕೆಲಸ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸಭೆಯಲ್ಲಿಯೇ ಬಾಯಿಮಾತಿನಲ್ಲಿ ಉತ್ತರ ಹೇಳಬೇಕಾಗುತ್ತದೆ. ಇದಲ್ಲದೆ ಸ್ಥಳೀಯ ಪ್ರದೇಶಾಭಿವೃದ್ಧಿಗೆಂದು ಒಬ್ಬೊಬ್ಬ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿಯ ನಿಧಿ ಇದೆ. ಕೆಲಸವನ್ನು ಶಾಸಕರು ಸೂಚಿಸುತ್ತಾರೆ, ಮಂಜೂರು ಮಾಡುವವರು ಜಿಲ್ಲಾಧಿಕಾರಿ. ಇಡೀ ಕ್ಷೇತ್ರಕ್ಕೆ ಈ ಹಣ ಹಂಚಬೇಕಷ್ಟೆ? ಆದ್ದರಿಂದ ಯಾವ ಕೆಲಸ ಮೊದಲು ಎಂಬುದಕ್ಕೆ ಬಲವಾದ ಆಧಾರ ನಾವೇ ಒದಗಿಸಬೇಕು.

ಆ ಆಧಾರ ಹುಟ್ಟುವುದು ಗ್ರಾಮಸಭೆಯಲ್ಲಿ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕೆಂದು ಕಾಯಿದೆ ಇದೆ. ಅಲ್ಲಿಗೆ ಹೋಗಿ, ಸಂಕದ ವಿಷಯ ಎತ್ತಿ, ನಿರ್ಣಯ ಬರೆಯಿಸಿ, ಅದರ ಪ್ರತಿಯನ್ನು ಕೇಳಿ ಪಡೆಯಿರಿ. ಹೆಂಗಸರೂ ತಪ್ಪದೆ ಹೋಗಬೇಕು. ಮಕ್ಕಳ ಕೈ ಹಿಡಿದು ಸಂಕ ದಾಟಿಸುವ ಕಷ್ಟ ಅವರಷ್ಟು ಬಲ್ಲವರು ಯಾರು?

ಅನಂತರ ಅರ್ಜಿ. ಒಂದು ಅರ್ಜಿಗೆ ಒಂದೇ ವಿಷಯ, ಒಂದೇ ಹಾಳೆ. ರಸ್ತೆ, ಬೋರು, ದೇವಸ್ಥಾನದ ತಗಡು ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಯಾವುದೂ ಆಗದು. ಬರೆಯುವುದು ಹೀಗೆ:

“ನಮ್ಮ ಕೇರಿಯಲ್ಲಿ 32 ಮನೆಗಳಿವೆ. ಹಳ್ಳ ದಾಟಿ ಶಾಲೆಗೆ ಹೋಗುವ ಮಕ್ಕಳು 14. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಸಂಕದ ಮೇಲೆ ಬರುತ್ತದೆ. ಹಳ್ಳದ ಅಗಲ ಸುಮಾರು 25 ಅಡಿ. ಬೇರೆ ದಾರಿ 4 ಕಿಲೋಮೀಟರು ಸುತ್ತು. ಗ್ರಾಮಸಭೆಯ ನಿರ್ಣಯದ ಪ್ರತಿ ಲಗತ್ತಿಸಿದೆ. ಬರುವ ಮಳೆಗಾಲದೊಳಗೆ ಕೈತಾಂಗು ಇರುವ ಕಾಂಕ್ರೀಟು ಕಾಲುಸಂಕ ಆಗಬೇಕೆಂದು ಪ್ರಾರ್ಥನೆ.”

ನೋಡಿ, ಇದರಲ್ಲಿ ಹೊಗಳಿಕೆಯೂ ಇಲ್ಲ, ಬೈಗಳೂ ಇಲ್ಲ, ಲೆಕ್ಕ ಇದೆ. ನಿಮ್ಮ ಕೇರಿಯ ಲೆಕ್ಕ ನೀವು ಹಾಕಿ. ಅಂದಾಜು ಪಟ್ಟಿ ಮಾಡಿಕೊಡಲು ಎಂಜಿನಿಯರರನ್ನು ಪಂಚಾಯತಿಯ ಮೂಲಕ ಕೇಳಿ. ಮಳೆಗಾಲದಲ್ಲೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಬೇಸಗೆಯಲ್ಲಿ ಬತ್ತಿದ ಹಳ್ಳ ತೋರಿಸಿದರೆ ಯಾರು ನಂಬುತ್ತಾರೆ?

ಗಾಳಿ ಬಂದಾಗ ತೂರಿಕೊಳ್ಳಬೇಕು. ಮುಂಗಡ ಪತ್ರ ಮಂಡನೆಯಾಗುವುದು ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ. ಆದ್ದರಿಂದ ಕಾರ್ತಿ ಬೆಳೆಯ ಕೊಯ್ಲು ಮುಗಿದ ಕೂಡಲೆ, ಡಿಸೆಂಬರದ ಒಳಗೆ ಶಾಸಕರನ್ನು ಕಾಣಿ. ಮೇ ತಿಂಗಳಲ್ಲಿ ಓಡಿದರೆ ಆ ವರ್ಷದ ಮಳೆಗೆ ಸಂಕ ಆಗದು.

ಕಾಣಲು ಐದಾರು ಜನ ಹೋದರೆ ಸಾಕು. ಬೇರೆ ಬೇರೆ ಪಕ್ಷದವರು, ಬೇರೆ ಬೇರೆ ಜಾತಿಯವರು, ಹೆಂಗಸರು ಕೂಡಿರಲಿ. ಆಗ ಅದು ಒಬ್ಬರ ಮಾತಾಗದೆ ಊರಿನ ಮಾತಾಗುತ್ತದೆ. ಶಾಸಕರು ನೀವು ಓಟು ಹಾಕಿದ ಪಕ್ಷದವರಲ್ಲದಿದ್ದರೂ ಹಿಂಜರಿಯಬೇಡಿ. ಗೆದ್ದ ಮೇಲೆ ಅವರು ಕ್ಷೇತ್ರಕ್ಕೆಲ್ಲ ಶಾಸಕರು. ಹೊರಡುವ ಮುನ್ನ ಒಂದು ಪ್ರಶ್ನೆ ಕೇಳಿ: “ಈ ಕಾಗದ ಇನ್ನು ಯಾವ ಕಚೇರಿಗೆ ಹೋಗುತ್ತದೆ? ನಾವು ಮತ್ತೆ ಯಾವಾಗ ಬರಬೇಕು?” ಉತ್ತರವನ್ನು ತಾರೀಖಿನೊಂದಿಗೆ ಪುಸ್ತಕದಲ್ಲಿ ಬರೆದಿಡಿ. ಅರ್ಜಿಯ ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ 2005ರ ಕಾಯಿದೆ ಇದೆ. 10 ರೂಪಾಯಿ ಶುಲ್ಕ ಕಟ್ಟಿ ಸಂಬಂಧಪಟ್ಟ ಕಚೇರಿಯನ್ನು ಕೇಳಿದರೆ 30 ದಿನಗಳೊಳಗೆ ಉತ್ತರ ಕೊಡಬೇಕು. ಆ ಉತ್ತರ ಹಿಡಿದು ಮತ್ತೆ ಶಾಸಕರ ಬಳಿ ಹೋಗಿ, ಸಭೆಯಲ್ಲಿ ಪ್ರಶ್ನೆ ಹಾಕಬೇಕೆಂದು ವಿನಂತಿಸಿ. “ಆಗುವುದಿಲ್ಲ” ಎಂದರೆ ಏಕೆ ಆಗದೆಂದು ವಿನಯದಿಂದಲೇ ಕೇಳಿ. ಕೆಲಸ ಆದರೆ ಊರಿನವರೆಲ್ಲ ಕೈಹಾಕಿ ಒಂದು ಕಾಗದ ಬರೆದು ಕೃತಜ್ಞತೆ ತಿಳಿಸಿ. ಬೇಡುವಾಗ ಮಾತ್ರ ನೆನಪಾಗುವವರ ಮಾತಿಗೆ ಬೆಲೆ ಕಡಿಮೆ.

ತಾಳ್ಮೆಯೂ ಬೇಕು. ನಮ್ಮ ನೆರೆಯ ವಾರಾಹಿ ನೀರಾವರಿ ಯೋಜನೆ ಆರಂಭವಾದದ್ದು 1979ರಲ್ಲಿ. ಎಡದಂಡೆ ಕಾಲುವೆಗೆ ನೀರು ಹರಿದದ್ದು 2015ರಲ್ಲಿ. ನಡುವೆ ವಿಧಾನಸಭೆಗೆ ಎಂಟು ಸಾರ್ವತ್ರಿಕ ಚುನಾವಣೆಗಳು ನಡೆದುಹೋದವು. ಶಾಸಕರು ಬದಲಾಗುತ್ತಾರೆ, ಅಧಿಕಾರಿಗಳಿಗೆ ವರ್ಗವಾಗುತ್ತದೆ. ಊರು ಇಲ್ಲೇ ಇರುತ್ತದೆ. ಅದಕ್ಕಾಗಿಯೇ ಊರಿನ ಅರ್ಜಿ ಪುಸ್ತಕ ಒಂದೆಡೆ ಭದ್ರವಾಗಿರಬೇಕು. ಹೊಸ ಶಾಸಕರು ಬಂದ ತಿಂಗಳೊಳಗೆ ಅದನ್ನು ಅವರ ಮುಂದೆ ಬಿಚ್ಚಿಡಬೇಕು.

ಹಾಗಾದರೆ ಈ ವಾರವೇ ನಿಮ್ಮ ಕೇರಿಯ ನಾಲ್ಕು ಮನೆಯವರು ಒಂದೆಡೆ ಕುಳಿತು, ಯಾವ ಸಂಕ, ಎಷ್ಟು ಮಕ್ಕಳು ಎಂಬ ಲೆಕ್ಕ ಬರೆದಿಡಿ. ಮುಂದಿನ ಗ್ರಾಮಸಭೆಯ ದಿನ ಯಾವುದೆಂದು ಕೇಳಿ ಬನ್ನಿ. ಅಷ್ಟರವರೆಗೆ, ಮಳೆ ಜೋರಾದ ದಿನ ಶಾಲೆ ಬಿಡುವ ಹೊತ್ತಿಗೆ ದೊಡ್ಡವರೊಬ್ಬರು ಸಂಕದ ಬಳಿ ನಿಂತು ಮಕ್ಕಳನ್ನು ದಾಟಿಸಿ.