ಮಹಾಮಾರಿಯ ಕಾಲದಲ್ಲಿ ಕಾಲೇಜು ಕ್ರೀಡಾಪಟುಗಳ ಆರೋಗ್ಯ

ವಿದ್ಯಾನಗರದ ಸಹ್ಯಾದ್ರಿ ಕಾಲೇಜಿನ ಮೈದಾನದಲ್ಲಾಗಲಿ, ಭದ್ರಾವತಿಯ ಕಾಲೇಜುಗಳ ಅಂಗಳದಲ್ಲಾಗಲಿ ಸಂಜೆಯ ಹೊತ್ತು ಆಡುವ ತರುಣ ತರುಣಿಯರನ್ನು ಕಂಡವರಿಗೆ, ಆರೋಗ್ಯಸಾಧನೆಗೆ ಇದಕ್ಕಿಂತ ಮಿಗಿಲಾದ ಮಾರ್ಗವಿಲ್ಲವೆಂದು ತೋರುವುದು ಸಹಜ. ಆಟದಿಂದ ದೇಹಕ್ಕೆ ಬಲವೂ ಮನಸ್ಸಿಗೆ ಉಲ್ಲಾಸವೂ ದೊರೆಯುತ್ತವೆಂಬುದು ನಿರ್ವಿವಾದವಾದ ಮಾತು. ಆದರೆ ಊರೆಲ್ಲ ಸೋಂಕು ಹಬ್ಬಿರುವಾಗ ಅದೇ ಆಟ ಯಾವಾಗ ಅಪಾಯಕಾರಿಯಾಗುತ್ತದೆ, ಆ ಅಪಾಯದ ಪ್ರಮಾಣವೆಷ್ಟು, ಅದನ್ನು ತಡೆಯುವ ಬಗೆ ಹೇಗೆ ಎಂಬ ಪ್ರಶ್ನೆಗಳನ್ನು ಕೋವಿಡ್ ಕಾಲದ ಅನುಭವದ ಆಧಾರದಿಂದ ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡನ್ನು ಜಗದ್ವ್ಯಾಪಿ ಸಾಂಕ್ರಾಮಿಕವೆಂದು ಸಾರಿದ್ದು 2020ರ ಮಾರ್ಚ್ 11ರಂದು. ಅದೇ ತಿಂಗಳ ಮಧ್ಯಭಾಗದಲ್ಲಿ ಕರ್ನಾಟಕದ ಕಾಲೇಜುಗಳು ಮುಚ್ಚಿದುವು. ಪದವಿ ತರಗತಿಗಳು ಮತ್ತೆ ತೆರೆದದ್ದು ನವೆಂಬರ್ 17ರಂದು. 2021ರ ಮೇ ತಿಂಗಳ ಆರಂಭದಲ್ಲಿ ರಾಜ್ಯದಲ್ಲಿ ಒಂದೇ ದಿನ 50,000ಕ್ಕೂ ಮಿಕ್ಕಿ ಹೊಸ ಸೋಂಕುಗಳು ದಾಖಲಾದುವು. ಬೆಂಗಳೂರಿನ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವು ಮುಂದೂಡಲ್ಪಟ್ಟು 2022ರ ಏಪ್ರಿಲ್–ಮೇ ತಿಂಗಳುಗಳಲ್ಲಿ ನಡೆಯಿತು. ಹೀಗೆ ಮೈದಾನಗಳು ಬರಿದಾಗಿ ಮತ್ತೆ ತುಂಬಿದುವು. ಸೋಂಕು ತಗಲಿ ಎದ್ದ ತರುಣನು ಯಾವಾಗ ಆಟಕ್ಕೆ ಮರಳಬೇಕೆಂಬ ಪ್ರಶ್ನೆ ಪ್ರತಿಯೊಂದು ಕಾಲೇಜಿನ ಮುಂದೆಯೂ ನಿಂತಿತು.

ಮೊದಲು ಸೋಂಕು ಹರಡುವ ಬಗೆಯನ್ನು ನೋಡೋಣ. ಈ ರೋಗ ಮುಖ್ಯವಾಗಿ ಉಸಿರಿನ ಮೂಲಕ ಹರಡತಕ್ಕದ್ದು. ಬಯಲಿನಲ್ಲಿ ದೂರ ದೂರ ನಿಂತು ಆಡುವ ಕ್ರಿಕೆಟ್ಟಿಗೂ ನಮ್ಮ ಕಬಡ್ಡಿಗೂ ಇರುವ ಅಂತರ ಇಲ್ಲಿ ಗಮನಾರ್ಹವಾದುದು. ಕಬಡ್ಡಿಯಲ್ಲಿ ದಾಳಿಗೆ ಹೋದವನು 30 ಸೆಕೆಂಡುಗಳವರೆಗೆ ಗಟ್ಟಿಯಾಗಿ ಉಚ್ಚರಿಸುತ್ತಲೇ ಏಳು ಮಂದಿ ಎದುರಾಳಿಗಳ ನಡುವೆ ಸುಳಿದಾಡುತ್ತಾನೆ. ಹಿಡಿತಕ್ಕೆ ಸಿಕ್ಕಿದರೆ ಮುಖಕ್ಕೆ ಮುಖ ತಾಗುತ್ತದೆ. ಸೋಂಕು ದಾಟಲು ಇದಕ್ಕಿಂತ ಅನುಕೂಲವಾದ ಸನ್ನಿವೇಶ ಬೇಕಿಲ್ಲ. ಆದರೂ ಮೈದಾನದ ಮೇಲೆಯೇ ದೋಷವನ್ನೆಲ್ಲ ಹೊರಿಸುವುದು ಯುಕ್ತವಲ್ಲ. ಕಿಟಕಿ ಮುಚ್ಚಿದ ಬಸ್ಸು, ಹತ್ತು ಮಂದಿ ಮಲಗುವ ಕೊಠಡಿ, ಒಟ್ಟಿಗೆ ಕುಳಿತು ಮಾಡುವ ಊಟ, ಇವು ಬಯಲಿನ ಆಟಕ್ಕಿಂತ ಹೆಚ್ಚು ಅಪಾಯಕರವಾಗಬಹುದು. 2021ರ ಡಿಸೆಂಬರಿನಿಂದ 2022ರ ಫೆಬ್ರವರಿಯವರೆಗೆ ಪ್ರೊ ಕಬಡ್ಡಿ ಲೀಗಿನ ಎಲ್ಲ ತಂಡಗಳನ್ನೂ ಬೆಂಗಳೂರಿನ ಒಂದೇ ಸ್ಥಳದಲ್ಲಿರಿಸಿ, ಪ್ರೇಕ್ಷಕರಿಲ್ಲದೆ ಪಂದ್ಯಗಳನ್ನು ನಡೆಸಲಾಯಿತು. ಅಷ್ಟು ಕಟ್ಟುಪಾಡಿನ ನಡುವೆಯೂ ಸೋಂಕು ನುಸುಳಿ ಪಂದ್ಯಗಳ ವೇಳಾಪಟ್ಟಿಯನ್ನು ಬದಲಿಸಬೇಕಾಯಿತು. ಅಂತಹ ಸೌಕರ್ಯವಿಲ್ಲದ ನಮ್ಮ ಕಾಲೇಜು ತಂಡಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ.

ಇನ್ನು ಆಟಗಾರನ ದೇಹಕ್ಕೆ ಒದಗುವ ಅಪಾಯ. ತರುಣರಲ್ಲಿ ಈ ರೋಗದಿಂದ ಮರಣ ವಿರಳ. ವೈದ್ಯರನ್ನು ಕಳವಳಕ್ಕೆ ಈಡುಮಾಡಿದ್ದು ಹೃದಯದ ಸ್ನಾಯುವಿನ ಉರಿಯೂತ. ಇದಕ್ಕೆ ಮಯೋಕಾರ್ಡೈಟಿಸ್ ಎಂದು ಹೆಸರು. ಇಂತಹ ಉರಿಯೂತವಿರುವಾಗ ತೀವ್ರವಾಗಿ ವ್ಯಾಯಾಮ ಮಾಡಿದರೆ ಹೃದಯದ ಬಡಿತ ತಾಳತಪ್ಪಿ, ಆಟಗಾರನು ಹಠಾತ್ತನೆ ಕುಸಿದುಬೀಳುವ ಸಂಭವವುಂಟು. ಈ ಭೀತಿಗೆ ಹಳೆಯ ಆಧಾರವೂ ಇದೆ. 1970ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಾಕ್ಸಾಕಿ ಎಂಬ ವೈರಸ್ ತಗಲಿದ ಇಲಿಗಳನ್ನು ಬಲವಂತವಾಗಿ ಈಜಿಸಿದಾಗ, ಅವುಗಳ ಹೃದಯದಲ್ಲಿ ವೈರಸ್ ಅಧಿಕವಾಗಿ ವೃದ್ಧಿಹೊಂದಿ ಸಾವೂ ಹೆಚ್ಚಿತು.

ಅಪಾಯದ ಪ್ರಮಾಣವೆಷ್ಟು? 2020ರ ಸೆಪ್ಟೆಂಬರಿನಲ್ಲಿ ಅಮೆರಿಕದ ಓಹಾಯೊ ರಾಜ್ಯ ವಿಶ್ವವಿದ್ಯಾಲಯದ ವೈದ್ಯರು ಸೋಂಕಿನಿಂದ ಎದ್ದ 26 ಕ್ರೀಡಾಪಟುಗಳನ್ನು ಎಂ.ಆರ್.ಐ. ಯಂತ್ರದಿಂದ ಪರೀಕ್ಷಿಸಿ, 4 ಮಂದಿಯಲ್ಲಿ, ಎಂದರೆ ಶೇಕಡ 15ರಲ್ಲಿ, ಉರಿಯೂತದ ಲಕ್ಷಣಗಳಿವೆಯೆಂದರು. ಎಲ್ಲೆಡೆ ಗಾಬರಿಯುಂಟಾಯಿತು. ಮರುವರ್ಷ 1,597 ಮಂದಿಯನ್ನು ಅದೇ ಯಂತ್ರದಿಂದ ಪರೀಕ್ಷಿಸಿದಾಗ 37 ಮಂದಿಯಲ್ಲಿ, ಶೇಕಡ 2.3ರಷ್ಟು, ಉರಿಯೂತ ಕಂಡಿತು. ಅವರಲ್ಲಿ 28 ಮಂದಿಗೆ ಹೊರಗಿನ ಲಕ್ಷಣಗಳೇ ಇರಲಿಲ್ಲ. 42 ಕಾಲೇಜುಗಳ 3,018 ಮಂದಿಯ ಇನ್ನೊಂದು ಅಧ್ಯಯನದಲ್ಲಿ ಬಹುಮಂದಿಗೆ ಈ ಯಂತ್ರಪರೀಕ್ಷೆ ಆಗಿರಲಿಲ್ಲ. ಅಲ್ಲಿ ದೊರೆತ ಸಂಖ್ಯೆ 21, ಶೇಕಡ 0.7. ಇದರಿಂದ ವಿದ್ಯಾರ್ಥಿಗಳು ಎರಡು ಪಾಠಗಳನ್ನು ಕಲಿಯಬೇಕು. ಸಣ್ಣ ಗುಂಪಿನ ಲೆಕ್ಕದಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು. ಹುಡುಕುವ ಸಾಧನ ಸೂಕ್ಷ್ಮವಾದಷ್ಟೂ ಕಾಣುವ ದೋಷಗಳ ಸಂಖ್ಯೆ ಏರುತ್ತದೆ. ಅಪಾಯ ವಿರಳವೆಂಬುದು ನಿಜ, ಇಲ್ಲವೆಂಬುದು ನಿಜವಲ್ಲ.

ಈ ಜ್ಞಾನದ ಫಲವಾಗಿ 2022ರಲ್ಲಿ ಅಮೆರಿಕದ ಹೃದ್ರೋಗ ತಜ್ಞರು ಹಾಕಿಕೊಟ್ಟ ಕ್ರಮ ಸರಳವಾದುದು. ಸೋಂಕು ದೃಢಪಟ್ಟರೂ ಲಕ್ಷಣಗಳಿಲ್ಲದವನು ಮೂರು ದಿನ ವ್ಯಾಯಾಮ ಬಿಡಬೇಕು. ನೆಗಡಿ, ಜ್ವರ ಮುಂತಾದ ಸೌಮ್ಯ ಲಕ್ಷಣಗಳಿದ್ದವನು ಅವು ಪೂರ್ಣವಾಗಿ ಇಳಿಯುವವರೆಗೆ ವಿಶ್ರಮಿಸಿ, ಬಳಿಕ ಮೆಲ್ಲಮೆಲ್ಲನೆ ಶ್ರಮವನ್ನು ಏರಿಸಿಕೊಳ್ಳಬೇಕು. ಎದೆನೋವು, ಏದುಸಿರು, ಎದೆಬಡಿತದ ಏರುಪೇರು, ತಲೆಸುತ್ತಿ ಬೀಳುವಿಕೆ, ಇವುಗಳಲ್ಲಿ ಯಾವುದೇ ಕಂಡರೂ ಇ.ಸಿ.ಜಿ., ಎಕೋ, ಟ್ರೋಪೋನಿನ್ ರಕ್ತಪರೀಕ್ಷೆಗಳಾಗದೆ ಮೈದಾನಕ್ಕಿಳಿಯಬಾರದು. ಉರಿಯೂತ ಖಚಿತವಾದರೆ ಮೂರರಿಂದ ಆರು ತಿಂಗಳು ಆಟದಿಂದ ದೂರವಿರಬೇಕು.

ಕ್ರಮ ಸರಳವಾದರೂ ಪಾಲನೆ ಸುಲಭವಲ್ಲ. ಅಂತರ ಕಾಲೇಜು ಪಂದ್ಯದ ಹಿಂದಿನ ರಾತ್ರಿ ಜ್ವರ ಬಂದ ವಿದ್ಯಾರ್ಥಿಯ ಮುಂದೆ ವಿಶ್ವವಿದ್ಯಾಲಯ ತಂಡದ ಆಯ್ಕೆ, ಪ್ರಮಾಣಪತ್ರ, ಅದರಿಂದ ಮುಂದೆ ಸಿಗಬಹುದಾದ ಉದ್ಯೋಗ ಇಷ್ಟೂ ನಿಂತಿರುತ್ತವೆ. ಹಳ್ಳಿಯಿಂದ ಬಂದು ಆಟವನ್ನೇ ನಂಬಿದವನು ಒಂದು ಮಾತ್ರೆ ನುಂಗಿ ಜ್ವರವನ್ನು ಮುಚ್ಚಿಡುವುದು ಅಚ್ಚರಿಯಲ್ಲ. ಮಾತ್ರೆ ಮೈಯ ಬಿಸಿಯನ್ನಿಳಿಸುತ್ತದೆಯೇ ಹೊರತು ಸೋಂಕನ್ನಲ್ಲ. ಹಾಗೆ ಆಡಿದವನು ತನ್ನ ಹೃದಯವನ್ನೂ, ತಂಡದವರನ್ನೂ, ಮನೆಯಲ್ಲಿರುವ ಅಜ್ಜ ಅಜ್ಜಿಯರನ್ನೂ ಏಕಕಾಲದಲ್ಲಿ ಅಪಾಯಕ್ಕೊಡ್ಡುತ್ತಾನೆ. ಅದೂ ಅಲ್ಲದೆ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ನಮ್ಮ ಜಿಲ್ಲೆಯಲ್ಲಿ ಚಳಿಗಾಲದಿಂದ ಬೇಸಗೆಯವರೆಗೆ ಕಾಣಿಸಿಕೊಳ್ಳುವಂಥದು. ಅದು ಉಣ್ಣೆಗಳಿಂದ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದರೆ ಯಾವ ಜ್ವರವನ್ನೂ ಹಗುರವಾಗಿ ಕಾಣಬಾರದೆಂಬುದಕ್ಕೆ ಮಲೆನಾಡಿನವರಿಗೆ ಅದೊಂದೇ ಸಾಕು.

ಆದಕಾರಣ ಆಟಗಾರನಿಗೆ ಉಪದೇಶ ಮಾಡಿದರೆ ಮಾತ್ರ ಸಾಲದು. ಜ್ವರವನ್ನು ಹೇಳಿಕೊಂಡವನಿಗೆ ತಂಡದಲ್ಲಿ ಸ್ಥಾನ ತಪ್ಪದಂತೆ, ತಪ್ಪಿದ ಆಯ್ಕೆಗೆ ಇನ್ನೊಂದು ಅವಕಾಶ ದೊರೆಯುವಂತೆ ಕಾಲೇಜುಗಳೂ ವಿಶ್ವವಿದ್ಯಾಲಯವೂ ನಿಯಮ ಮಾಡಬೇಕೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಯಂತ್ರವೂ ಬೇಡ, ಹೆಚ್ಚಿನ ಹಣವೂ ಬೇಡ. ನಿಜ ಹೇಳಿದವನಿಗೆ ನಷ್ಟವಾಗದ ವ್ಯವಸ್ಥೆಯಿದ್ದರೆ ಮುಂದಿನ ಸಾಂಕ್ರಾಮಿಕ ಬಂದಾಗ ನಮ್ಮ ಮೈದಾನಗಳು ಈಗಿನದಕ್ಕಿಂತ ಸುರಕ್ಷಿತವಾಗಿರುತ್ತವೆ.