ಬಿಸಿಲಿನ ಅಂಗಡಿಗೊಂದು ಬಳಗ

ಹೊತ್ತು ಮುಳುಗುವ ವೇಳೆಗೆ ತರಕಾರಿ ಸಾಲಿನ ತಳ್ಳುಗಾಡಿಗಳಿಗೆ ದೀಪ ಬರುತ್ತದೆ. ಬೆಳಗ್ಗೆಯಿಂದ ಚಾರ್ಜಿಗೆ ಹಾಕಿದ್ದ ಬ್ಯಾಟರಿಗಳನ್ನು ಗಾಡಿಗೊಂದರಂತೆ ಇಳಿಸಿ, ತಂತಿ ಸಿಕ್ಕಿಸಿ, ಬಲ್ಬು ಹೊತ್ತಿಸಿ ಹೋಗುವವನಿಗೂ ಇದು ವ್ಯಾಪಾರವೇ. ರಾತ್ರಿ ಗಾಡಿ ಕಟ್ಟುವ ಹೊತ್ತಿಗೆ ಆತ ಮತ್ತೆ ಬರುತ್ತಾನೆ. ದೀಪವನ್ನೂ ಅಂದಿನ ಬಾಡಿಗೆಯನ್ನೂ ಎತ್ತಿಕೊಂಡು ಹೋಗುತ್ತಾನೆ. ಟೊಮೆಟೊ ಮಾರುವವರಿಗೆ ಸೀಮೆಎಣ್ಣೆಯ ಹೊಗೆ ತಪ್ಪಿತು, ದೀಪದವನಿಗೆ ದಿನದ ದುಡಿಮೆ ಸಿಕ್ಕಿತು. ಬೆಂಗಳೂರಿನ ಸೆಲ್ಕೋ ಸಂಸ್ಥೆ ರೂಢಿಗೆ ತಂದ ಈ ಬಾಡಿಗೆ ದೀಪದ ಕಸುಬಿನಲ್ಲಿ ಕಣ್ಣಿಗೆ ಬೀಳುವುದು ಇಷ್ಟೇ.

ಕಣ್ಣಿಗೆ ಬೀಳದ ಭಾಗ ದೊಡ್ಡದು. ಆ ಬ್ಯಾಟರಿಗಳನ್ನು ತುಂಬಿಸುವ ಮಾಳಿಗೆಯ ಮೇಲಿನ ಸೌರ ಪ್ಯಾನೆಲ್‌ಗೆ ಯಾವುದೋ ಬ್ಯಾಂಕು ಸಾಲ ಕೊಟ್ಟಿರಬೇಕು. ಆ ಸಾಲಕ್ಕೆ ಯಾರೋ ಜಾಮೀನು ನಿಂತಿರಬೇಕು. ಬ್ಯಾಟರಿ ಕೈಕೊಟ್ಟ ದಿನ ಫೋನು ಮಾಡಿದರೆ ಬರುವ ಮೆಕ್ಯಾನಿಕ್ ಒಬ್ಬ ಇರಬೇಕು. ಸಣ್ಣ ಸೌರ ವ್ಯಾಪಾರಗಳು ಮುಗ್ಗರಿಸುವುದು ಬಿಸಿಲು ಸಾಲದೆ ಅಲ್ಲ, ಈ ಮೂವರಲ್ಲಿ ಒಬ್ಬರು ಇಲ್ಲದೆ.

ಸೆಲ್ಕೋ ಹುಟ್ಟಿದ್ದು 1995ರಲ್ಲಿ. ಅದರ ಸ್ಥಾಪಕ ಹರೀಶ್ ಹಂದೆ ಖರಗ್‌ಪುರದ ಐಐಟಿಯಲ್ಲಿ ಓದಿ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸೌರಶಕ್ತಿಯ ಮೇಲೆ ಸಂಶೋಧನೆಗೆ ತೊಡಗಿದ್ದವರು. ಡೊಮಿನಿಕನ್ ರಿಪಬ್ಲಿಕ್‌ನ ಬಡವರ ಮನೆಗಳಲ್ಲಿ, ಜನ ತಾವೇ ಹಣ ಕೊಟ್ಟು ಹಾಕಿಸಿಕೊಂಡ ಸೌರ ದೀಪಗಳನ್ನು ಕಂಡ ಮೇಲೆ ಅವರ ದಾರಿ ಪ್ರಯೋಗಾಲಯದಿಂದ ಹಳ್ಳಿಯ ಕಡೆಗೆ ತಿರುಗಿತು. ಅಮೆರಿಕದ ನೆವಿಲ್ ವಿಲಿಯಮ್ಸ್ ಅವರ ಜೊತೆಗೂಡಿ ಕಂಪನಿ ಕಟ್ಟಿದರು. ಧರ್ಮಾರ್ಥ ಸಂಸ್ಥೆಯಾಗಿ ಅಲ್ಲ, ಲಾಭ ನಷ್ಟದ ಲೆಕ್ಕವಿಡುವ ಕಂಪನಿಯಾಗಿಯೇ. ಬಡವರು ಸೌರ ದೀಪ ಕೊಳ್ಳಲಾರರು, ಕೊಂಡರೂ ನೋಡಿಕೊಳ್ಳಲಾರರು, ಬಡವರ ಜೊತೆ ವ್ಯಾಪಾರ ಮಾಡಿ ಕಂಪನಿ ಉಳಿಯದು ಎಂಬ ಮೂರು ಮಾತುಗಳನ್ನು ಸುಳ್ಳು ಮಾಡುವುದು ಅವರ ಹಟವಾಗಿತ್ತು. 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬರುವಷ್ಟರಲ್ಲಿ ಅವರ ದೀಪ ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ಉರಿಯುತ್ತಿತ್ತು.

ಬೀದಿ ವ್ಯಾಪಾರಿಯೊಬ್ಬರಿಂದ ಕಲಿತ ಪಾಠವೊಂದನ್ನು ಹಂದೆ ಹಲವು ಕಡೆ ಹೇಳಿಕೊಂಡಿದ್ದಾರೆ. ತಿಂಗಳಿಗೆ 300 ರೂಪಾಯಿ ಎಂದರೆ ಅವರಿಗೆ ಹೊರೆ. ದಿನಕ್ಕೆ 10 ರೂಪಾಯಿ ಎಂದರೆ ಕೊಟ್ಟೇಬಿಡುತ್ತಾರೆ. ಲೆಕ್ಕ ಒಂದೇ, ಆದರೆ ಕೈಗೆ ಹಣ ಬರುವ ಬಗೆ ಬೇರೆ. ಕರಾವಳಿಯವರಿಗೆ ಈ ಗಣಿತ ಹೊಸದೇನಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಪಿಗ್ಮಿ ಠೇವಣಿ ಶುರು ಮಾಡಿ, ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಕೂಡಿಸಿದ ಊರದು. ಉಳಿತಾಯಕ್ಕೆ ಒಗ್ಗಿದ ಆ ಲೆಕ್ಕ ಸಾಲದ ಮರುಪಾವತಿಗೂ ಒಗ್ಗಬಾರದೇಕೆ?

ಆದರೂ ಮೊದಲ ಸಾಲ ಸಲೀಸಾಗಿ ಹುಟ್ಟಲಿಲ್ಲ. ಎಮ್ಮೆಗೆ ಸಾಲ ಕೊಡಬಹುದು, ಅದು ಹಾಲು ಕರೆಯುತ್ತದೆ. ಪಂಪ್‌ಸೆಟ್ಟಿಗೂ ಕೊಡಬಹುದು. ದೀಪಕ್ಕೆ ಸಾಲ ಕೊಟ್ಟರೆ ದೀಪ ದುಡಿಯುತ್ತದೆಯೇ? ಬ್ಯಾಂಕು ಮ್ಯಾನೇಜರರ ಈ ಅನುಮಾನದಲ್ಲಿ ಹುರುಳಿರಲಿಲ್ಲ ಎನ್ನುವಂತಿಲ್ಲ. ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕು ಧೈರ್ಯ ಮಾಡಿ ಆರಂಭದಲ್ಲೇ ಕೈಹಿಡಿಯಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ರಾಜ್ಯದಲ್ಲಿ ಸೌರ ಸಾಲದ ಯೋಜನೆ ಆರಂಭಿಸಿದವು. ಶೇ 12ರ ಆಸುಪಾಸಿನಲ್ಲಿದ್ದ ಬಡ್ಡಿ ಗಿರಾಕಿಯ ಪಾಲಿಗೆ ಶೇ 5ಕ್ಕೆ ಇಳಿಯಿತು. ಲಾಭವಾದದ್ದು ಒಂದು ಕಂಪನಿಗಷ್ಟೇ ಅಲ್ಲ, ಆ ಹೊತ್ತಿಗೆ ಹಳ್ಳಿಗಳಲ್ಲಿ ದೀಪ ಮಾರುತ್ತಿದ್ದ ಬೇರೆ ಕಂಪನಿಗಳಿಗೂ. 2015ರಲ್ಲಿ ರಿಸರ್ವ್ ಬ್ಯಾಂಕು ನವೀಕರಿಸಬಹುದಾದ ಇಂಧನವನ್ನು ಆದ್ಯತಾ ವಲಯಕ್ಕೆ ಸೇರಿಸಿ, ಮನೆಯವರಿಗೆ 10 ಲಕ್ಷ ರೂಪಾಯಿಯವರೆಗಿನ ಸಾಲವನ್ನು ಆ ಲೆಕ್ಕಕ್ಕೆ ತಂದಿತು. ಮಲಪ್ರಭಾ ಬ್ಯಾಂಕಿನ ಹೆಸರು ಇಂದು ಇಲ್ಲ. ಅದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಾಗಿ, 2025ರ ಮೇ ತಿಂಗಳಲ್ಲಿ ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿಹೋಯಿತು.

ಸಣ್ಣವರ ಕಷ್ಟ ಎಷ್ಟು ದೂರದಿಂದ ಬರಬಹುದು ಎಂಬುದಕ್ಕೆ ಸೌರ ಸಾಲದ ಯೋಜನೆ ಶುರುವಾದ ದಶಕದ್ದೇ ಇನ್ನೊಂದು ಘಟನೆ ಸಾಕ್ಷಿ. 2004ರ ಸುಮಾರಿಗೆ ಜರ್ಮನಿ ಸರ್ಕಾರ ತನ್ನ ಪ್ರಜೆಗಳ ಮಾಳಿಗೆ ವಿದ್ಯುತ್ತಿಗೆ ಒಳ್ಳೆಯ ದರ ಕಟ್ಟಿತು. ಅಲ್ಲಿನವರು ಮುಗಿಬಿದ್ದು ಪ್ಯಾನೆಲ್ ಕೊಂಡರು. ಜಗತ್ತಿನ ಎಲ್ಲ ಕಡೆ ಬೆಲೆ ಏರಿತು. ಬರ್ಲಿನ್ನಿನ ಸೂರಿನ ಮೇಲೆ ಬಿಸಿಲು ಬಿದ್ದರೆ ಬೆಳ್ತಂಗಡಿಯ ಮನೆಯ ದೀಪ ದುಬಾರಿ! ಸೆಲ್ಕೋ ಆಗ ನಷ್ಟಕ್ಕೆ ಇಳಿದು, ಹೊಸ ಹೂಡಿಕೆ ಹುಡುಕಿಕೊಂಡು ಚೇತರಿಸಿಕೊಳ್ಳಬೇಕಾಯಿತು. ತಾಲ್ಲೂಕು ಕೇಂದ್ರದಲ್ಲಿ ಒಂದೇ ಮಳಿಗೆ ಇಟ್ಟುಕೊಂಡವನಿಗೆ ಇಂಥ ಹೊಡೆತ ಬಿದ್ದರೆ ಬಾಗಿಲು ಹಾಕುವುದೊಂದೇ ಉಳಿದ ದಾರಿ.

2010ರಲ್ಲಿ ಕಂಪನಿಯ ಪಕ್ಕದಲ್ಲೇ ಸೆಲ್ಕೋ ಫೌಂಡೇಶನ್ ಎದ್ದಿತು. ಕಂಪನಿ ದೀಪ ಮಾರುತ್ತದೆ, ಫೌಂಡೇಶನ್ ದೀಪ ಮಾರುವವರನ್ನು ಬೆಳೆಸುತ್ತದೆ. ದಕ್ಷಿಣ ಕನ್ನಡದ ಉಜಿರೆಯಲ್ಲಿ ಅದರ ಪ್ರಯೋಗ ಮತ್ತು ತರಬೇತಿಯ ಕೆಲಸ ಬೇರೂರಿತು. ಉತ್ತರ ಪ್ರದೇಶ, ಬಿಹಾರ, ಈಶಾನ್ಯ ರಾಜ್ಯಗಳ ಕಡೆಯ ಸಣ್ಣ ಉದ್ಯಮಿಗಳಿಗೂ ಈ ಬಳಗದಿಂದ ಕಲಿಕೆ, ಬೀಜಧನ, ಬ್ಯಾಂಕಿನ ಪರಿಚಯ ಸಿಗುತ್ತಾ ಬಂದಿದೆ. ಮೂರರಲ್ಲಿ ಕೊನೆಯದೇ ಹೆಚ್ಚು ಬೆಲೆಯದು. ಯಾವ ಮನೆಗೆ ಎಷ್ಟು ವಾಟ್ ಬೇಕೆಂದು ಲೆಕ್ಕ ಹಾಕುವುದನ್ನು ವಾರದಲ್ಲಿ ಕಲಿಸಬಹುದು. ಮ್ಯಾನೇಜರರ ಎದುರು ಕುರ್ಚಿ ಎಳೆದು ಕೂತು ಮಾತಾಡುವ ಧೈರ್ಯಕ್ಕೆ ಹೆಚ್ಚು ದಿನ ಬೇಕು.

2017ರಲ್ಲಿ ಸೌಭಾಗ್ಯ ಯೋಜನೆ ಬಂದು ಮನೆಮನೆಗೆ ಸರ್ಕಾರಿ ಕರೆಂಟು ಎಳೆಯುವ ಕೆಲಸ ಚುರುಕಾದಾಗ ಬರೀ ದೀಪ ನಂಬಿದ್ದವರ ವ್ಯಾಪಾರ ಇಳಿಯಿತು. ಆಗ ಗಮನ ಕಸುಬುಗಳ ಕಡೆ ಹೊರಳಿತು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಸೌರಶಕ್ತಿಯಲ್ಲಿ ಓಡುವ ರೊಟ್ಟಿ ಯಂತ್ರ, ದರ್ಜಿಗೆ ಮೋಟಾರು ಕೂಡಿಸಿದ ಹೊಲಿಗೆ ಯಂತ್ರ, ಕಮ್ಮಾರನ ಕುಲುಮೆಗೆ ಗಾಳಿ ಊದುವ ಯಂತ್ರ, ಕುಂಬಾರನ ತಿಗುರಿ. ತಿದಿ ಒತ್ತಲು ಮನೆಯ ಹೆಂಗಸರೋ ಮಕ್ಕಳೋ ಕೂರಬೇಕಿದ್ದ ಕುಲುಮೆಯಲ್ಲಿ ಈಗ ಗುಂಡಿ ಒತ್ತಿದರೆ ಆಯಿತು. ಜೋಳದ ರೊಟ್ಟಿಯದು ಸುಲಭದ ಮಾತಲ್ಲ. ಗೋಧಿಯಂತೆ ಹಿಗ್ಗದ ಹಿಟ್ಟದು, ಅಂಚು ಬಿರಿಯುತ್ತದೆ. ಕೈಯಲ್ಲಿ ತಟ್ಟುವವರ ಕಣ್ಣಿಗೆ ಒಪ್ಪುವ ರೊಟ್ಟಿ ಯಂತ್ರದಿಂದ ಬರಬೇಕಾದರೆ ಅಡುಗೆಮನೆಯ ಒಲೆ ಮುಂದೆ ಕೂತವರ ಮಾತನ್ನು ಎಂಜಿನಿಯರ್ ಕೇಳಲೇಬೇಕು. ಮೊದಲು ಅನುಮಾನಪಟ್ಟ ಮ್ಯಾನೇಜರಿಗೂ ಇಲ್ಲಿ ಉತ್ತರ ಸಿಕ್ಕಿತು. ರೊಟ್ಟಿ ಯಂತ್ರ ಎಮ್ಮೆಯ ಹಾಗೆಯೇ, ದಿನಾ ದುಡಿಯುತ್ತದೆ.

ಈ ನಾಡಿನಲ್ಲಿ ಇದು ಒಬ್ಬರ ಕತೆಯಲ್ಲ. ವಿಜ್ಞಾನಿ ಅಮೂಲ್ಯ ರೆಡ್ಡಿ 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ‘ಅಸ್ತ್ರ’ ತಂಡ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಗಣಿ ಅನಿಲದಿಂದ ಕರೆಂಟು ಮಾಡಿ ತೋರಿಸಿತ್ತು. 1993ರಲ್ಲಿ ಶುರುವಾದ ಬೆಂಗಳೂರಿನ ‘ಟೈಡ್’ ಸಂಸ್ಥೆ ರೇಷ್ಮೆ ನೂಲು ಬಿಚ್ಚುವವರಿಗೂ ಅಡಿಕೆ ಬೇಯಿಸುವವರಿಗೂ ಕಟ್ಟಿಗೆ ಉಳಿಸುವ ಒಲೆಗಳನ್ನು ರೂಪಿಸಿತು. ಕೋಲಾರದ ಎಸ್‌ಕೆಜಿ ಸಂಘ ಗೋಬರ್ ಗ್ಯಾಸ್ ಘಟಕಗಳ ಜೊತೆಗೆ ಎರೆಗೊಬ್ಬರವನ್ನೂ ಜೋಡಿಸಿತು. ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಸೆಲ್ಕೋಗೂ ಬಂತು, ಟೈಡ್ ಮತ್ತು ಎಸ್‌ಕೆಜಿ ಸಂಘಕ್ಕೂ ಬಂತು. ಹೊರಗಿನವರು ಗುರುತಿಸಿದಷ್ಟು ಇಲ್ಲಿನವರು ಗುರುತಿಸಲಿಲ್ಲವೇನೋ.

ಹೀಗೆ ಚದುರಿಹೋದ ಸಣ್ಣವರಿಗೆ ದೆಹಲಿಯಲ್ಲಿ ಒಂದು ದನಿ ಬೇಕೆಂದು 2014ರಲ್ಲಿ ರೂಪುಗೊಂಡದ್ದು ‘ಕ್ಲೀನ್’ ಎಂಬ ಒಕ್ಕೂಟ. ಸೌರ ದೀಪ, ಕಿರು ಜಲವಿದ್ಯುತ್, ಜೈವಿಕ ಅನಿಲ, ಸುಧಾರಿತ ಒಲೆ ಎಲ್ಲ ಒಂದೇ ಸೂರಿನಡಿ. ಒಬ್ಬೊಬ್ಬರೇ ಹೋದರೆ ಸಚಿವಾಲಯದ ಬಾಗಿಲಲ್ಲಿ ಕಾಯುವವರು ಒಟ್ಟಾಗಿ ಹೋದರೆ ಒಳಗೆ ಕೂರುತ್ತಾರೆ. ಹಾಗೆ ಕೂತು ಹೇಳಬೇಕಾದ ಮಾತು ಬೇಕಾದಷ್ಟಿವೆ, ತೆರಿಗೆಯನ್ನೇ ನೋಡಿ. ಜಿಎಸ್‌ಟಿ ಬಂದ 2017ರಲ್ಲಿ ಸೌರ ಸಲಕರಣೆಗಳಿಗೆ ಶೇ 5, 2021ರ ಅಕ್ಟೋಬರ್‌ನಿಂದ ಶೇ 12, 2025ರ ಸೆಪ್ಟೆಂಬರ್‌ನಿಂದ ಮತ್ತೆ ಶೇ 5. ದರ ಏರಿದಾಗ ಹಳೆಯ ಬೆಲೆಗೆ ಒಪ್ಪಿಕೊಂಡ ಗಿರಾಕಿಗೆ ಹೊಸ ಬೆಲೆ ಹೇಳಬೇಕಾದವನು ಊರಿನ ಅಂಗಡಿಯವನೇ. ಕೃಷಿ ಮತ್ತು ಕಸುಬಿಗೆ ಬಳಸುವ ಸೌರ ಯಂತ್ರಗಳಿಗೆಂದು 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಒಂದು ನೀತಿ ಚೌಕಟ್ಟು ಹೊರಡಿಸಿತು. ಇಷ್ಟು ವರ್ಷ ಎಲ್ಲರೂ ಬೇಡುತ್ತಾ ಬಂದದ್ದು ಅದನ್ನೇ.

ಈಗ ಗಾಳಿ ಮತ್ತೊಂದು ದಿಕ್ಕಿಗೆ ಬೀಸುತ್ತಿದೆ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್ ಮಾಳಿಗೆ ಪ್ಯಾನೆಲ್‌ಗೆ 78,000 ರೂಪಾಯಿ ಸಹಾಯಧನ ಇದೆ. ನೋಂದಾಯಿತ ಮಾರಾಟಗಾರರ ಮೂಲಕವೇ ಹಾಕಿಸಿಕೊಳ್ಳಬೇಕು. ಹಳೆಯ ದೀಪದ ಅಂಗಡಿಗಳಿಗೆ ಇದು ಹೊಸ ವ್ಯಾಪಾರವೂ ಹೌದು, ಹೊಸ ತಲೆನೋವೂ ಹೌದು. ಮಾಳಿಗೆ ಮನೆಯ ಗಿರಾಕಿ ಲಕ್ಷದ ಲೆಕ್ಕದಲ್ಲಿ ಮಾತಾಡುತ್ತಾನೆ. ಗುಡ್ಡದಾಚೆಯ ಮನೆಯವರದು ಇನ್ನೂ ಎರಡು ದೀಪದ ಲೆಕ್ಕ.

ಮಲೆನಾಡಿನಲ್ಲಿ ಆಷಾಢ ಬಂತೆಂದರೆ ಆ ಲೆಕ್ಕವೂ ಏರುಪೇರು. ವಾರಗಟ್ಟಲೆ ಸೂರ್ಯನ ಮುಖವಿಲ್ಲ, ಬ್ಯಾಟರಿ ಸುಸ್ತು, ಅಂಗಡಿಯ ಫೋನು ಬಿಡುವಿಲ್ಲದೆ ರಿಂಗಣಿಸುತ್ತದೆ. ರೇನ್‌ಕೋಟ್ ತೊಟ್ಟು, ಬೈಕಿನ ಹಿಂದೆ ಡಿಸ್ಟಿಲ್ಡ್ ವಾಟರಿನ ಕ್ಯಾನ್ ಕಟ್ಟಿಕೊಂಡು ಹುಡುಗ ಹೊರಡುತ್ತಾನೆ. ಇವತ್ತಿನ ಪಟ್ಟಿಯಲ್ಲಿ ಏಳು ಮನೆ.